ಟವೆಲ್ ಜಗದೀಶ್ ಹಿಡಿದ ಮೆಟ್ರೋ ಸೀಟುಗಳು

ಮರ್ಫಿ ಟೌನಿನ ಜಗದೀಶ್ ಹುಟ್ಟುವಾಗ ಮೊದಲು ಹೊರಗೆ ಬಂದದ್ದು ತಲೆಯಲ್ಲ, ಬಲಗೈ. ಆ ಕೈ ಪಕ್ಕದ ತೊಟ್ಟಿಲ ಮೇಲೆ ಒಂದು ಬಟ್ಟೆ ಹಾಕಿ, ಎರಡು ವರ್ಷದ ನಂತರ ಹುಟ್ಟಲಿದ್ದ ತಮ್ಮನಿಗೆ ಜಾಗ ಹಿಡಿಯಿತು ಎಂದು ನಮ್ಮ ಬೀದಿಯವರು ಹೇಳುತ್ತಾರೆ. ಜನರ ಬಾಯಿಗೆ ಬೀಗವಿಲ್ಲ. ತಮ್ಮ ಹುಟ್ಟಿದ್ದು ಮೂರು ವರ್ಷದ ನಂತರ.

ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಅವನಿಗೆ ಟವೆಲ್ ಜಗದೀಶ್ ಎಂದೇ ಹೆಸರು. ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಅವನ ಟವೆಲು ಕಿಟಕಿಯೊಳಗೆ ಹಾರಿ, ಸೀಟಿನ ಮೇಲೆ ಮಡಿಕೆ ಬಿಚ್ಚಿ, ಮೂಲೆಗಳನ್ನು ತಾನೇ ಸರಿಮಾಡಿಕೊಂಡು ಕೂರುತ್ತಿತ್ತು. ಒಮ್ಮೆ ಗಾಳಿ ಜೋರಾಗಿ ಅದು ಡ್ರೈವರ್ ಸೀಟಿನ ಮೇಲೆ ಬಿತ್ತಂತೆ. ಟವೆಲು ಬಿದ್ದ ಸೀಟಿನಲ್ಲಿ ಕೂರುವುದು ಧರ್ಮವಲ್ಲವೆಂದು ಪಾಪ ಡ್ರೈವರು ಹಲಸೂರಿನವರೆಗೆ ನಿಂತೇ ಬಸ್ಸು ಓಡಿಸಿದನಂತೆ.

ಊರಿಗೆಲ್ಲ ಸೀಟು ಹಿಡಿದುಕೊಟ್ಟವನಿಗೆ ತನಗೊಂದು ಖಾಯಂ ಕೆಲಸ ಮಾತ್ರ ಹಿಡಿಯಲಾಗಿರಲಿಲ್ಲ. ಪೇಂಟಿಂಗು, ಕೊರಿಯರ್ರು, ಶಾಮಿಯಾನ ಎಲ್ಲ ಮುಗಿಸಿ, ಕೊನೆಗೆ ಇಂದಿರಾನಗರದ ಹಂಸ ಎಂಬಾಕೆಯ ಬಳಿ ದಿನಗೂಲಿಗೆ ಸೇರಿದ. ಸಮ್ಮೇಳನಗಳಿಗೆ ಬಂದ ಅತಿಥಿಗಳನ್ನು ಊರು ಸುತ್ತಿಸುವುದು ಹಂಸಳ ಕಸುಬು. ಅವರ ಬ್ಯಾಗು ಹೊರುವುದು ಇವನದು.

"ನೋಡಿ ಜಗದೀಶ್, ಈ ಸಲ ಬರೋರು ರೈಲು, ಮೆಟ್ರೋ ಕಟ್ಟೋ ಜನ," ಎಂದಳು ಹಂಸ. "ಕಂಟೋನ್ಮೆಂಟ್ ಸ್ಟೇಷನ್ ನೋಡ್ಕೊಂಡು, ಶಿವಾಜಿನಗರದಲ್ಲಿ ಬಸ್ ಹತ್ತಿ, ಹಲಸೂರಿಂದ ಮೆಟ್ರೋಲಿ ಕೆ.ಆರ್. ಪುರ. ಇದೊಂದನ್ನ ಗಲಾಟೆ ಇಲ್ದೆ ಮುಗ್ಸಿ, ಖಾಯಂ ಮಾಡ್ತೀನಿ."

ಹೆಂಡತಿ ಸಂಘಮಿತ್ರಾ ಬೆಳಗ್ಗೆ ಅವನ ಶರಟಿನ ಕಾಲರು ಸರಿಮಾಡುತ್ತಾ, "ಬ್ಯಾಗ್ ಹಿಡ್ಕೊಂಡು ಸುಮ್ನೆ ಹಿಂದೆ ಹೋಗ್ರೀ. ಹೀರೋ ಆಗ್ಬೇಡಿ," ಎಂದಳು.

ಕಂಟೋನ್ಮೆಂಟಿನಲ್ಲಿ ಅವನು ಸುಮ್ಮನೇ ಇದ್ದ. ತಂಡದ ಹಿರಿಯ ಭಗವಂತರಾಯರು, ರೈಲ್ವೆಯಿಂದ ನಿವೃತ್ತರಾದ ಇಂಜಿನಿಯರು, ಪ್ಲಾಟ್‌ಫಾರಮ್ಮಿನ ಒಂದೊಂದು ಕಂಬದ ಮುಂದೆಯೂ ನಿಂತು ವಿವರಿಸಿದರು. ಒಂದು ಕಂಬದ ವಿವರಣೆ ಮುಗಿಯುವಷ್ಟರಲ್ಲಿ ಮೇಲಿನ ಪಾರಿವಾಳ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗೆ ಹಾರಲು ಕಲಿಸಿತ್ತು. ವಿದೇಶಿ ಅತಿಥಿಗಳು ಫೋಟೋ ತೆಗೆದರು, ಕಂಬದ್ದೂ ಪಾರಿವಾಳದ್ದೂ.

ಶಿವಾಜಿನಗರದಲ್ಲಿ ಜನಜಂಗುಳಿ ಕಂಡದ್ದೇ ತಡ, ಜಗದೀಶನ ಕೈ ತುರಿಸಿತು. ಟವೆಲು, ಕರವಸ್ತ್ರ, ಅತಿಥಿಗಳ ಟೋಪಿ, ಎಲ್ಲವೂ ಕಿಟಕಿಯೊಳಗೆ ಹಾರಿದವು. ಇಡೀ ತಂಡಕ್ಕೆ ಸೀಟು ಸಿಕ್ಕಿತು. ಮೆಟ್ರೋ ಬೋಗಿಗಳ ವಿನ್ಯಾಸ ಮಾಡುವ ಅಲಿಯಾ, ರಿಚರ್ಡ್ಸ್ ಟೌನಿನ ಹುಡುಗಿ, ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು. ಅಲ್ಲಿಗೆ ಸಂಘಮಿತ್ರಾಳ ಬುದ್ಧಿಮಾತು ಬಸ್ಸಿನಿಂದ ಇಳಿದುಹೋಯಿತು.

ಹಲಸೂರಿನ ಮೆಟ್ರೋ ನಿಲ್ದಾಣದಲ್ಲಿ ಅವನಿಗೊಂದು ತೊಡಕು ಕಾಣಿಸಿತು: ಈ ಗಾಡಿಯ ಕಿಟಕಿಗಳು ತೆರೆಯುವುದಿಲ್ಲ. ಹಾಗಾದರೆ ಬಾಗಿಲಿನಿಂದಲೇ ಯುದ್ಧ. ಗಾಡಿ ನಿಂತು ಬಾಗಿಲು ತೆರೆದ ಕೂಡಲೇ ಎಲ್ಲರ ಬ್ಯಾಗುಗಳನ್ನೂ ಹೊತ್ತು ಒಳಗೆ ನುಗ್ಗಿದ. ಆ ಕ್ಷಣದಲ್ಲಿ ಅವನನ್ನು ನೋಡಿದವರಿಗೆ ಹತ್ತು ತೋಳು ಕಂಡವಂತೆ. ಎರಡು ಉದ್ದ ಸೀಟುಗಳ ತುಂಬ ಬ್ಯಾಗು ಜೋಡಿಸಿ, ಕೂಗಲೆಂದು ತಿರುಗಿದ.

ಹೊರಗೆ ತಂಡ ಸಾಲಾಗಿ ನಿಂತು, ಇಳಿಯುವವರಿಗೆ ದಾರಿ ಬಿಟ್ಟು, ಆಮೇಲೆ "ನೀವು ಮೊದಲು," "ಛೆ, ನೀವು ಮೊದಲು," ಎಂದು ಪರಸ್ಪರ ಬಾಗುತ್ತಿತ್ತು. ಬಾಗಿಲಿಗೆ ಇಂಥ ಸಂಸ್ಕಾರ ಇರಲಿಲ್ಲ. ಮುಚ್ಚಿಕೊಂಡಿತು.

ಗಾಡಿ ಹೊರಟಿತು. ಜಗದೀಶನ ಫೋನು ಬಡಿದುಕೊಂಡಿತು.

"ಜಗದೀಶ್! ಇಂದಿರಾನಗರದಲ್ಲಿ ಇಳೀರಿ! ಅಲ್ಲೇ ನಿಂತಿರಿ, ನಾವು ಬರ್ತೀವಿ!"

"ಹೆಂಗ್ ಇಳೀಲಿ ಮೇಡಂ? ಇಳಿದ್ರೆ ಸೀಟೆಲ್ಲ ಹೋಗ್ಬಿಡುತ್ತೆ!"

"ಯಾವ ಸೀಟು ರೀ?!"

"ನಿಮ್ದೇ ಮೇಡಂ. ನೀವೇನೂ ಟೆನ್ಷನ್ ಮಾಡ್ಕೋಬೇಡಿ, ಕೆ.ಆರ್. ಪುರದವರೆಗೂ ಯಾರನ್ನೂ ಕೂರಿಸಲ್ಲ." ಫೋನಿಟ್ಟ.

ಇಂದಿರಾನಗರದಲ್ಲಿ ಜನ ನುಗ್ಗಿದರು. ಯಾದಗಿರಿ ಕಡೆಯ ಹುಸೇನಮ್ಮ, ಮನೆಗೆಲಸ ಮುಗಿಸಿ ಹೊರಟವಳು, ಸೀಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಾರವಪಾ ಈ ಚೀಲಾ?"

"ಜನ ಬರ್ತಾರಮ್ಮ."

"ಓಡೂ ಗಾಡ್ಯಾಗ ಎಲ್ಲಿಂದ ಬರ್ತಾರ?"

"ಹಿಂದಿನ ಗಾಡೀಲಿ ಬರ್ತಾ ಇದಾರೆ."

ಹುಸೇನಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹಿಂದಿನ ಗಾಡ್ಯಾಗ ಕುಂತವರಿಗಿ ಮುಂದಿನ ಗಾಡ್ಯಾಗ ಸೀಟಾ? ನೀ ಮುಂಜಾನಿ ನಾಷ್ಟಾ ಮಾಡಿ ಬಂದೀಯಿಲ್ಲೋ ತಮ್ಮಾ?" ಎಂದು ಭಗವಂತರಾಯರ ಬ್ಯಾಗನ್ನು ಮಗುವಿನಂತೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟಳು. ಅವಳನ್ನು ನೋಡಿ ಉಳಿದವರೂ ಒಂದೊಂದು ಬ್ಯಾಗಿಗೆ ತೊಡೆ ಕೊಟ್ಟರು. ಜಗದೀಶ್ ಮಾತ್ರ ನಿಂತೇ ಇದ್ದ, ಕೋಟೆ ಕಳೆದುಕೊಂಡ ಪಾಳೇಗಾರನ ಹಾಗೆ.

ಕೆ.ಆರ್. ಪುರದಲ್ಲಿ ಎಲ್ಲರ ತೊಡೆಯಿಂದ ಬ್ಯಾಗು ಇಸಿದುಕೊಂಡು ಇಳಿದ. ಹಿಂದಿನ ಗಾಡಿಯಲ್ಲಿ ತಂಡ ಬಂತು. ಅದರಲ್ಲಿ ಒಂದು ಸಾಸಿವೆಕಾಳಿಗೂ ಜಾಗ ಇರಲಿಲ್ಲವಂತೆ. ವಿದೇಶಿ ಅತಿಥಿಯೊಬ್ಬರು ಬೈಯಪ್ಪನಹಳ್ಳಿಯವರೆಗೆ ಒಂದೇ ಕಾಲು ಊರಿ ಬಂದಿದ್ದರು.

"ನನ್ನ ಬಿಪಿ ಮಾತ್ರೆ ಆ ಬ್ಯಾಗಲ್ಲಿತ್ತು!" ಎಂದು ಭಗವಂತರಾಯರು ಗುಡುಗಿದರು. ಅವರಿಗೆ ಮಾತ್ರೆಯ ಅಗತ್ಯ ಇತ್ತೆಂಬುದು ಮುಖದಲ್ಲೇ ಕಾಣುತ್ತಿತ್ತು.

"ನಾಳೆಯಿಂದ ಬರಬೇಡಿ," ಎಂದಳು ಹಂಸ, ಮೆಲ್ಲಗೆ.

ಜಗದೀಶನ ಮುಖ ಬಾಡಿತು. ಒಂದೊಂದೇ ಬ್ಯಾಗನ್ನು ಅದರ ಯಜಮಾನರಿಗೆ ಒಪ್ಪಿಸುತ್ತಾ, "ಇಂದಿರಾನಗರದವರೆಗೂ ಸೀಟು ಹಂಗೇ ಇತ್ತು ಸಾರ್... ಆ ಅಮ್ಮ ಒಬ್ರು ಬರ್ದೇ ಇದ್ದಿದ್ರೆ..." ಎಂದು ಗೊಣಗಿದ.

ಅಲಿಯಾ ಅದನ್ನು ವಿದೇಶಿಯರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಹಿಂದಿನ ಗಾಡಿಯವರಿಗೆ ಮುಂದಿನ ಗಾಡಿಯಲ್ಲಿ ಸೀಟು! ಒಂಟಿಗಾಲಿನ ಅತಿಥಿ ನಕ್ಕ ರಭಸಕ್ಕೆ ನಿಲ್ದಾಣದ ಪಕ್ಕದ ತೂಗುಸೇತುವೆಯ ತಂತಿಗಳು ಮಿಡಿದವು. ಭಗವಂತರಾಯರು ಮೀಸೆಯ ಒಳಗೇ ನಕ್ಕರು, ಮಾತ್ರೆ ನುಂಗುವ ನೆಪದಲ್ಲಿ.

"ಇವ್ರನ್ನ ಕೆಲಸದಿಂದ ತೆಗೀಬೇಡ ಹಂಸ," ಎಂದಳು ಅಲಿಯಾ. "ಎಷ್ಟೋ ಊರು ಸುತ್ತಿದೀವಿ, ನಮಗೆ ಅಂತ ಜಗಳ ಆಡಿ ಸೀಟು ಹಿಡಿದವ್ರು ಇವ್ರೊಬ್ರೇ."

ಹಂಸ ಜಗದೀಶನ ಕಡೆ ತಿರುಗಿದಳು. "ಖಾಯಂ ಮಾಡ್ತೀನಿ. ಆದ್ರೆ ಒಂದು ಕಂಡೀಷನ್. ಇನ್ಮೇಲೆ ನೀವು ಎಲ್ಲರಿಗಿಂತ ಲಾಸ್ಟಲ್ಲಿ ಹತ್ತಬೇಕು."

ಶಿವಾಜಿನಗರದಲ್ಲಿ ಬೆಳೆದವನಿಗೆ ಇದು ಹುಲಿಗೆ ಹುಲ್ಲು ಬಡಿಸಿದ ಹಾಗೆ. ಆದರೂ ಒಪ್ಪಿದ, ಒಪ್ಪಿದ್ದನ್ನು ಪಾಲಿಸಿದ. ಮುಂದಿನ ತಂಡವನ್ನು ಹತ್ತಿಸಿದ. ಆಮೇಲೆ ಹಿಂದೆ ಬಂದ ಅಜ್ಜಿಯನ್ನು, ಕಾಲೇಜಿನ ಹುಡುಗರನ್ನು, ಓಡೋಡಿ ಬಂದ ಅಪರಿಚಿತರನ್ನೆಲ್ಲ "ನೀವು ಹತ್ತಿ, ನಾನು ಲಾಸ್ಟು," ಎಂದು ಹತ್ತಿಸಿದ. ಬಾಗಿಲು ಮುಚ್ಚಿತು. ಪ್ಲಾಟ್‌ಫಾರಮ್ಮಿನಲ್ಲಿ ಅವನೊಬ್ಬನೇ ಉಳಿದ.

ಅಂದಿನಿಂದ ಗಾಡಿ ಬಂದಾಗಲೆಲ್ಲ ಹಂಸ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ, ಮುಂದೆ ನುಗ್ಗದಂತೆ, ಹಿಂದೆ ಉಳಿಯದಂತೆ. ಒಂದು ದಿನ ಸಂಘಮಿತ್ರಾ ಇದನ್ನು ಕಣ್ಣಾರೆ ನೋಡಿದಳು.

"ಬಿಡ್ಬೇಡಿ ಮೇಡಂ," ಎಂದಳು. "ಮದ್ವೇಲಿ ನಾನು ಇಷ್ಟು ಗಟ್ಟಿಯಾಗಿ ಹಿಡಿದಿದ್ರೆ, ಊಟದ ಪಂಕ್ತೀಲಿ ಜಾಗ ಹಿಡಿಯೋಕೆ ಮಂಟಪ ಬಿಟ್ಟು ಓಡ್ತಾ ಇರ್ಲಿಲ್ಲ."