ಬೀಳಬೇಕಾದ ಕಾಗೆಗಳು

ಗೊಂಬೆ ಕೊಳ್ಳಲು ಬಂದವರು ಮೊದಲು ಅದರ ಮುಖ ನೋಡುತ್ತಾರೆ. ನಾನು ಹೇಳುವುದು, ತಳ ನೋಡಿ. ಚನ್ನಪಟ್ಟಣದಲ್ಲಿ ಕಡೆದ ಗೊಂಬೆಯನ್ನು ತಲೆಕೆಳಗು ಮಾಡಿ ತಳದ ಮೇಲೆ ಹೆಬ್ಬೆರಳು ಆಡಿಸಿದರೆ ನಡುವೆ ಸಣ್ಣ ತಗ್ಗು ಸಿಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ನಡುವೆ ತಗ್ಗಿದ್ದರೆ ಅಂಚು ಮಾತ್ರ ನೆಲಕ್ಕೆ ತಾಗುತ್ತದೆ. ಅಂಥ ಗೊಂಬೆ ಸಗಣಿ ಸಾರಿಸಿದ ನೆಲದ ಮೇಲೂ ಅಲ್ಲಾಡದೆ ನಿಲ್ಲುತ್ತದೆ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಲೇತಿನ ಮುಂದೆ ಹತ್ತು ವರ್ಷ ಕೂತವನ ಉಳಿ ತಾನಾಗಿಯೇ ಹೋಗಿ ಆ ತಗ್ಗು ಮಾಡಿ ಬರುತ್ತದೆ. ನನ್ನ ಆಟಿಕೆ ಮೊದಲ ಸಲ ಕೆಟ್ಟಿದ್ದು ಇದರಿಂದಲೇ.

ನಾನು ಎಂಟನೇ ಕ್ಲಾಸು ಬಿಟ್ಟು, ದೊಡ್ಡಮಳೂರಿನಿಂದ ದಿನಾ ನಡೆದು ಬಂದು, ಗೊಂಬೆಗಳಿಗೆ ಅರಗು ಹಚ್ಚುವ ಕೆಲಸಕ್ಕೆ ಸೇರಿದವಳು. ಈಗ ರೇಷ್ಮೆ ನೂಲು ತೆಗೆಯುವ ಒಂದು ಘಟಕದ ಹಿಂದಿನ ಓಣಿಯಲ್ಲಿ ನನ್ನದೇ ಶೆಡ್ಡಿದೆ, ಮೂರು ಲೇತಿವೆ, ಮೇಲೆ ನಾನಿರುವ ಒಂದು ರೂಮಿದೆ. ಯಾರೂ ಕೊಟ್ಟಿದ್ದಲ್ಲ, ಚೌಕಾಸಿ ಮಾಡಿ ಗಳಿಸಿದ್ದು. ನಾನು ಕೊತ್ತಂಬರಿ ಕಟ್ಟನ್ನೂ ಹೇಳಿದ ಬೆಲೆಗೆ ತಂದವಳಲ್ಲ. ಮದುವೆ ಮಾತ್ರ ಎರಡು ಸಲ ಗೊತ್ತಾಗಿ ಎರಡು ಸಲವೂ ತಪ್ಪಿತು. ಆಮೇಲೆ ಆ ಮಾತನ್ನು ಮನೆಯವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೊಸ ಹೆದ್ದಾರಿ ಊರಿನ ಹೊರಗೆ ಹಾದುಹೋದ ಮೇಲೆ ಮೈಸೂರಿಗೆ ಹೋಗುವ ಕಾರುಗಳು ನಮ್ಮ ಅಂಗಡಿಗಳ ಮುಂದೆ ನಿಲ್ಲುವುದು ಕಡಿಮೆಯಾಯಿತು. ನನ್ನ ಮೂರು ಲೇತಿನಲ್ಲಿ ಎರಡು ಸುಮ್ಮನಾದವು. ಮೂರನೆಯದರ ಮುಂದೆ ಒಬ್ಬ ಅಣ್ಣ ಕೂರುತ್ತಾನೆ. ಸ್ವಂತ ಅಣ್ಣನಲ್ಲ. ನಾನು ಅರಗಿನ ಕಡ್ಡಿ ಹಿಡಿಯಲು ಕಲಿತಾಗ ಪಕ್ಕದ ಲೇತಿನಲ್ಲಿ ಇದ್ದವನು, ಈಗ ನನ್ನ ಶೆಡ್ಡಿನಲ್ಲೇ ಕಡೆಯುತ್ತಾನೆ. ಬೆಳಿಗ್ಗೆ ಬರುತ್ತಾನೆ, ಸಂಜೆ ಆರಕ್ಕೆ ಬಸ್ಸು ಹಿಡಿದು ತನ್ನ ಹಳ್ಳಿಗೆ ಹೋಗುತ್ತಾನೆ. ನಮ್ಮಿಬ್ಬರ ಮಾತೆಲ್ಲ ಮರ, ಅರಗು, ಕರೆಂಟು. ಅದೂ ಲೇತಿನ ಸದ್ದಿನ ಮೇಲೆ ಕೂಗಿ ಹೇಳುವಷ್ಟು.

ಹೀಗಿರುವಾಗ ಬೆಂಗಳೂರಿನಲ್ಲಿ ಮಕ್ಕಳ ಆಟಿಕೆ ಅಂಗಡಿ ಇಟ್ಟಿರುವ ಒಬ್ಬ ಮೇಡಂ ಫೋನು ಮಾಡಿದರು. ಮೇಜಿನ ಮೇಲೆ ಇಟ್ಟು ಗುರಿ ಹೊಡೆಯುವ ಒಂದು ಸರಳ ಆಟಿಕೆ ಬೇಕಂತೆ. ನಾನು ಎಂದಿನಂತೆ, "ಸ್ಯಾಂಪಲ್ ಕಳ್ಸಿ ಮೇಡಂ," ಎಂದೆ.

"ಸ್ಯಾಂಪಲ್ ಇಲ್ಲ. ನೀವೇ ಏನಾದ್ರೂ ಯೋಚನೆ ಮಾಡಿ."

ಮೂವತ್ತು ವರ್ಷ ಬೇರೆಯವರ ಸ್ಯಾಂಪಲ್ಲು ನೋಡಿಯೇ ಮಾಡಿಸಿದ್ದೇನೆ. ನೀವೇ ಯೋಚನೆ ಮಾಡಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಫೋನಿಟ್ಟ ಮೇಲೆ ಈ ಸುದ್ದಿಯನ್ನು ಯಾರಿಗೆ ಹೇಳಲಿ ಎಂದು ಯೋಚಿಸಿದೆ. ಯಾರೂ ಹೊಳೆಯಲಿಲ್ಲ. ಮೇಲೆ ಹೋಗಿ ಅನ್ನಕ್ಕಿಟ್ಟೆ. ಮೂರನೆಯ ಲೇತೂ ನಿಲ್ಲುವ ಮುಂಚೆ, ನನ್ನ ತಲೆಯಲ್ಲಿ ಹುಟ್ಟಿದ ಒಂದು ಆಟಿಕೆಯನ್ನು ಮಕ್ಕಳು ಆಡಬೇಕು ಎಂಬ ಆಸೆ ಆವತ್ತು ಹಿಡಿದದ್ದು ಆಮೇಲೆ ಬಿಡಲಿಲ್ಲ.

ಮಕ್ಕಳ ಆಟಿಕೆ ಮಾಡುವವರಿಗೆ ನನ್ನದೊಂದು ಬುದ್ಧಿಮಾತು: ಮೊದಲು ಏನು ಮಾಡಬಾರದು ಎಂದು ಬರೆದುಕೊಳ್ಳಿ. ಗುಂಡು ಗಾಳಿಯಲ್ಲಿ ಹಾರಬಾರದು, ಕಣ್ಣಿಗೆ ಬೀಳುತ್ತದೆ. ಹಲಗೆಯ ಮೇಲೆ ಉರುಳಬೇಕು. ಗುಂಡು ಬಾಯೊಳಗೆ ಹೋಗುವಂತಿರಬಾರದು, ಅದಕ್ಕೆ ನಿಂಬೆಹಣ್ಣಿಗಿಂತ ದೊಡ್ಡದು ಕಡೆಸಿದೆ. ಮೊಳೆ ಇರಬಾರದು. ಎರಡು ಮೊಳ ಉದ್ದದ ಹಲಗೆ, ಅದರ ಒಂದು ತುದಿಯಲ್ಲಿ ಮರದ ಕೊಳವೆ, ಕೊಳವೆಯೊಳಗೆ ರಬ್ಬರ್ ಬ್ಯಾಂಡಿಗೆ ಸಿಕ್ಕಿಸಿದ ಒಂದು ಗೂಟ. ಗೂಟ ಹಿಂದಕ್ಕೆ ಎಳೆದು ಬಿಟ್ಟರೆ ಗುಂಡು ಓಡುತ್ತದೆ. ಇನ್ನೊಂದು ತುದಿಯಲ್ಲಿ ಐದು ಕಾಗೆ. ಕಾಗೆಯೇ ಯಾಕೆಂದರೆ, ಚಿಕ್ಕಂದಿನಲ್ಲಿ ಬಿಸಿಲಿಗೆ ಸಂಡಿಗೆ ಇಟ್ಟಾಗ ಕಾಗೆ ಓಡಿಸುವ ಕೆಲಸ ನನ್ನದು. ಗುರಿ ಎಂದರೆ ನನಗೆ ಗೊತ್ತಿರುವುದು ಅದೊಂದೇ.

ಅಣ್ಣ ಗೊಂಬೆಗೆ ಬಳಸುವ ಆಲೆ ಮರದ ತುಂಡು ಕೈಯಲ್ಲಿ ಹಿಡಿದು ಕೇಳಿದ, "ಕಾಗೆಗೆ ಕರಿ ಅರಗು ತಾನೆ?"

"ಕರಿ ಬಣ್ಣದ್ದು ಯಾರೂ ಕೊಂಡ್ಕೊಳಲ್ಲಣ್ಣ. ಎರಡು ಹಳದಿ, ಎರಡು ಕೆಂಪು, ಒಂದು ಹಸಿರು."

"ಹಳದಿ ಕಾಗೆ. ಪಿತೃಪಕ್ಷದಾಗೆ ಎಡೆ ಇಟ್ರೆ ಗಿಳಿ ಬತ್ತದೆ ಬುಡು ನಿನ್ ಮನೇಗೆ."

ಕಾಗೆಗಳು ಚೆಂದ ಬಂದವು. ತಾಳೆಗರಿ ಒತ್ತಿ ಹೊಳಪು ಕೊಟ್ಟ ಮೇಲೆ ಒಂದೊಂದೂ ಮಿಂಚುತ್ತಿತ್ತು. ಹಲಗೆಯ ಮೇಲೆ ನಿಲ್ಲಿಸಿ ಗುಂಡು ಬಿಟ್ಟೆ. ಗುಂಡು ಹೋಗಿ ತಾಗಿತು. ಕಾಗೆ ಒಂದು ಬೆರಳಿನಷ್ಟು ಹಿಂದೆ ಸರಿದು ನಿಂತೇ ಇತ್ತು. ರಬ್ಬರ್ ಬ್ಯಾಂಡು ಎರಡು ಹಾಕಿದೆ. ಸಾಲಾಗಿ ಹಿಂದೆ ಸರಿದವೇ ಹೊರತು ಒಂದೂ ಬೀಳಲಿಲ್ಲ. ಎತ್ತಿ ತಳ ಮುಟ್ಟಿದೆ. ಅದೇ ತಗ್ಗು.

"ಅಣ್ಣಾ, ಇವು ಬೀಳ್ಬೇಕು."

"ಬೀಳೋ ಗೊಂಬೆ ಕೆಟ್ಟ ಗೊಂಬೆ ಕಣವ್ವ."

"ಇದು ಬೀಳೋದೇ ಆಟ."

"ನಲವತ್ ವರ್ಸ ಆಯ್ತು, ನಾನು ಕಡ್ದಿದ್ದು ಒಂದೂ ಬಿದ್ದಿಲ್ಲ. ಈಗ ಬೀಳ್ಸು ಅಂದ್ರೆ ಕೈ ಎಂಗೆ ಒಪ್ತದೆ?"

ಕೂಲಿ ಜಾಸ್ತಿ ಕೇಳುವವರ ಜೊತೆ ನನಗೆ ಮಾತಾಡಲು ಬರುತ್ತದೆ. ಕೈ ಒಪ್ಪುವುದಿಲ್ಲ ಎನ್ನುವವನ ಜೊತೆ ಹೇಗೆ ಚೌಕಾಸಿ ಮಾಡುವುದು? ನಾಲ್ಕು ದಿನ ಬಿಟ್ಟೆ. ಐದನೆಯ ದಿನ, ಅವನಿಗೆ ಕೇಳುವ ಹಾಗೆ ಫೋನು ಹಿಡಿದು, ಇನ್ನೊಂದು ಶೆಡ್ಡಿನ ಕಡೆಯುವವನನ್ನು ವಿಚಾರಿಸುವವಳಂತೆ ಮಾತಾಡಿದೆ. ಆ ಕಡೆ ಯಾರೂ ಇರಲಿಲ್ಲ. ಅಣ್ಣ ಸಂಜೆ ಹೋಗುವಾಗ ಐದು ಕಾಗೆ ಮೇಜಿನ ಮೇಲಿಟ್ಟು ಹೋದ. ಕಾಲು ಸಣ್ಣ ಮಾಡಿ, ತಳ ಒಂಚೂರು ಉಬ್ಬಿಸಿ ಕಡೆದಿದ್ದ. ಗುಂಡು ತಾಗಿದರೆ ಸಾಕು, ಅಂಗಾತ ಬೀಳುತ್ತಿದ್ದವು. ಒಂದರ ಮೇಲೂ ಹೊಳಪು ಇರಲಿಲ್ಲ. ಬೀಳುವುದಕ್ಕೆ ಹೊಳಪು ಯಾಕೆ ಎಂದುಕೊಂಡನೋ ಏನೋ, ತಾಳೆಗರಿ ನಾನೇ ಹಾಕಿಕೊಂಡೆ.

ಆಮೇಲೆ ಮೂರು ವಾರ, ಶೆಡ್ಡು ಖಾಲಿಯಾದ ಮೇಲೆ ನಾನು ಆ ಹಲಗೆಯ ಮುಂದೆ ಕೂರುತ್ತಿದ್ದೆ. ಹೊಡೆಯುವುದು, ಎದ್ದು ಹೋಗಿ ಕಾಗೆ ನಿಲ್ಲಿಸುವುದು, ಬಂದು ಕೂರುವುದು, ಮತ್ತೆ ಹೊಡೆಯುವುದು. ಮಂಡಿ ನೋಯತೊಡಗಿತು. ಮಂಡಿ ನೋವಿನಿಂದ ಒಂದು ಉಪಾಯ ಹೊಳೆಯಿತು. ಪ್ರತಿ ಕಾಗೆಯ ಕಾಲಿನ ಕೆಳಗೆ ಹಲಗೆಗೆ ತೂತು ಕೊರೆಸಿ, ಕಾಲಿಗೆ ದಾರ ಕಟ್ಟಿ, ಐದೂ ದಾರವನ್ನು ಹಲಗೆಯ ಅಡಿಯಿಂದ ತಂದು ಹೊಡೆಯುವವರ ಕಡೆ ಒಂದೇ ಉಂಗುರಕ್ಕೆ ಕಟ್ಟಿದೆ. ಉಂಗುರ ಎಳೆದರೆ ಬಿದ್ದ ಕಾಗೆಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಏಳಬೇಕಾಗಿಲ್ಲ, ಯಾರನ್ನೂ ಕರೆಯಬೇಕಾಗಿಲ್ಲ. ಮೊದಲ ಸಲ ಐದೂ ಎದ್ದು ನಿಂತಾಗ ನನಗೆ ನಗು ಬಂತು. ಈ ದಾರದಿಂದಲೇ ಆಟಿಕೆ ಗೆಲ್ಲುತ್ತದೆ ಎಂದುಕೊಂಡೆ.

ಮಕ್ಕಳು ಆಡದೆ ಆಟಿಕೆ ಒಪ್ಪಿಸಬಾರದು. ಬೇಸಿಗೆ ರಜೆಯಲ್ಲಿ ಅಣ್ಣ ತನ್ನ ಇಬ್ಬರು ಮೊಮ್ಮಕ್ಕಳನ್ನು ಕರೆತಂದ. ದೊಡ್ಡವಳಿಗೆ ಎಂಟು, ಚಿಕ್ಕವಳಿಗೆ ಆರು ಇರಬಹುದು.

"ಆಂಟಿ, ಇದೇನು?" ಎಂದಳು ಚಿಕ್ಕವಳು.

"ಆಂಟಿ ಅಲ್ಲ ಕಣೇ, ಅಜ್ಜಿ," ಎಂದು ದೊಡ್ಡವಳು ತಿದ್ದಿದಳು.

ಚಿಕ್ಕವಳು ಗೂಟ ಎಳೆದು ಬಿಟ್ಟಳು. ಮೂರು ಕಾಗೆ ಬಿದ್ದವು. ನಾನು ಉಂಗುರ ಎಳೆದೆ. ಮೂರೂ ಎದ್ದವು. ಇಬ್ಬರೂ ಬಾಯಿ ಬಿಟ್ಟು ನೋಡಿದರು. ಇನ್ನೊಂದು ಸಲ ಎಳೆಸಿದರು, ಮತ್ತೊಂದು ಸಲ ಎಳೆಸಿದರು. ಆಮೇಲೆ ಚಿಕ್ಕವಳು ತಾನೇ ಹೊಡೆದು ತಾನೇ ಎಳೆಯತೊಡಗಿದಳು. ದೊಡ್ಡವಳು ಪಕ್ಕದಲ್ಲಿ ನಿಂತು ಜಡೆಯ ತುದಿ ಬಿಚ್ಚಿ ಹೆಣೆದಳು, ಬಿಚ್ಚಿ ಹೆಣೆದಳು.

"ನಂಗೇನು ಕೆಲ್ಸ ಇಲ್ಲಿ?" ಎಂದಳು ಕೊನೆಗೆ.

"ನಿನ್ ಸರದಿ ಬರೋಗಂಟ ನೋಡ್ಕಂಡಿರು," ಎಂದೆ.

ಅವಳು ನೋಡಿಕೊಂಡಿರಲಿಲ್ಲ. ಮೇಜು ಹತ್ತಿ, ಆ ಕಡೆ ಗೋಡೆಗೆ ಒರಗಿ ಕೂತು, ಕಾಗೆಗಳ ಕಾಲಿನ ದಾರವನ್ನು ಒಂದೊಂದಾಗಿ ಹಲ್ಲಿನಿಂದ ಕಚ್ಚಿ ಬಿಡಿಸಿದಳು. ನಾನು ಬೇಡ ಎನ್ನುವಷ್ಟರಲ್ಲಿ ಮುಗಿದಿತ್ತು. ತಂಗಿಗೆ, "ಈಗ ಹೊಡಿ," ಎಂದಳು. ಕಾಗೆಗಳನ್ನು ತನಗೆ ಬೇಕಾದಲ್ಲಿ ನಿಲ್ಲಿಸಿದಳು, ಒಂದರ ಹಿಂದೆ ಒಂದನ್ನು ಅಡಗಿಸಿದಳು, ಗುಂಡು ಬರುವಾಗ ಬೆರಳಿಂದ ಒಂದನ್ನು ಮೆಲ್ಲಗೆ ಸರಿಸಿದಳು.

"ಮೋಸ. ಸರ್ಸ್‌ಬುಟ್ಲು, ತಾತಾ."

"ಕಾಗೆ ಹಾರಲ್ವೇನೇ? ಕೂತ್ಕಂಡಿರ್ತದಾ ನೀನು ಹೊಡೀಲಿ ಅಂತ?" ಎಂದಳು ದೊಡ್ಡವಳು.

ಅಲ್ಲಿಂದ ಜಗಳ, ನಗು, ಸರದಿ ಬದಲು, ಮತ್ತೆ ಜಗಳ. ಎರಡು ಗಂಟೆ ಆಡಿದರು. ಅವರಲ್ಲಿ ಯಾರೂ ಉಂಗುರ ಮುಟ್ಟಲಿಲ್ಲ. ಅಣ್ಣ ಲೇತು ನಿಲ್ಲಿಸಿ ಬಂದು, ಕೈ ಕಟ್ಟಿಕೊಂಡು ನೋಡಿದ. ಬಿಡಿಸಿದ ದಾರ ಎತ್ತಿ ಬೆರಳಿಗೆ ಸುತ್ತಿಕೊಂಡ.

"ನೀನು ಮಾಡಿದ್ದು ಒಂಟಿ ಆಟ ಕಣವ್ವ," ಎಂದ.

ಅವನು ಅದನ್ನು ಚುಚ್ಚಲು ಹೇಳಲಿಲ್ಲ. ತಳದ ಅಳತೆ ಹೇಳುವ ಧ್ವನಿಯಲ್ಲೇ ಹೇಳಿದ. ಬಸ್ಸಿನ ಹೊತ್ತಾಯಿತೆಂದು ಮಕ್ಕಳನ್ನು ಕರೆದುಕೊಂಡು ಹೊರಟ. ಚಿಕ್ಕವಳು ಓಣಿಯ ತಿರುವಿನವರೆಗೂ ಅಕ್ಕ ಮೋಸ ಮಾಡಿದ್ದನ್ನು ಹೇಳುತ್ತಲೇ ಹೋದಳು.

ಅವರು ಹೋದ ಮೇಲೆ ನಾನು ಹಲಗೆಯನ್ನು ತಿರುವಿ ನೋಡಿದೆ. ಮಗುವಿನ ಬಾಯಿ, ಕಣ್ಣು, ಬೆರಳು ಎಲ್ಲ ಯೋಚಿಸಿದ್ದೆ. ಎದುರಿಗೆ ಇನ್ನೊಂದು ಮಗು ಕೂರುತ್ತದೆ ಎಂಬುದು ಮೂರು ವಾರದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಹೊಳೆಯಬೇಕಾದರೆ ನನ್ನ ಮೇಜಿಗೆ ಎದುರು ಕಡೆ ಎಂಬುದೊಂದು ಇರಬೇಕಿತ್ತು. ಆ ಕಡೆ ಗೋಡೆಗೆ ಒತ್ತರಿಸಿದ್ದೆ, ಜಾಗ ಉಳಿಯಲಿ ಎಂದು.

ಮೇಜನ್ನು ನಡುವಿಗೆ ಎಳೆದೆ. ತೂತಿಲ್ಲದ ಹೊಸ ಹಲಗೆ ಮಾಡಿಸಿದೆ, ಒಂದು ಗೇಣು ಉದ್ದ ಮಾಡಿ, ಕಾಗೆಗಳ ಹಿಂದೆ ಇನ್ನೊಬ್ಬರು ಮೊಳಕೈ ಊರಲು ಅಗಲ ಬಿಡಿಸಿ. ನಿಲ್ಲಿಸುವವರು ಒಂದಾಟಕ್ಕೆ ಒಂದೇ ಸಲ ಕಾಗೆ ಹಾರಿಸಬಹುದು ಎಂದು ನಿಯಮ ಮಾಡಿದೆ. ಆ ನಿಯಮ ದೊಡ್ಡವಳದ್ದು. ಮೋಸಕ್ಕೆ ಒಂದು ಲೆಕ್ಕ ಹಾಕಿದ್ದಷ್ಟೇ ನಾನು.

ಮೇಡಂ ತಾವೇ ಕಾರಿನಲ್ಲಿ ಬಂದರು. ಹೊಸದನ್ನು ನೋಡಿ ತಲೆದೂಗಿದರು. ಆಮೇಲೆ ಕಪಾಟಿನ ಮೇಲಿದ್ದ ಹಳೆಯ ಹಲಗೆ ಕಣ್ಣಿಗೆ ಬಿತ್ತು. ನಾನು ದಾರ ಮತ್ತೆ ಕಟ್ಟಿಟ್ಟಿದ್ದೆ. ಉಂಗುರ ಎಳೆದರು, ಕಾಗೆಗಳು ಎದ್ದವು.

"ಇದು ಬಿಟ್ಟು ಅದ್ಯಾಕೆ ತೋರಿಸ್ತಿದ್ದೀರಿ? ಇದೇ ಕೊಡಿ. ಈಗೆಲ್ಲ ಮನೆಗೊಂದೇ ಮಗು. ಒಂದೇ ಮಗು ಆಡೋ ಆಟಿಕೆ ಬೇಕು ಅಂತಾನೇ ಕೇಳ್ತಾರೆ."

"ಅದು ಕೊಡಲ್ಲ ಮೇಡಂ."

"ಯಾಕೆ, ಕಿತ್ತು ಹೋಗುತ್ತಾ?"

"ಕಿತ್ತೋಗಲ್ಲ. ಚೆನ್ನಾಗೇ ನಡೀತದೆ."

ಮಾರಾಟವಾಗುವುದನ್ನು ಮಾರುವುದಿಲ್ಲ ಎಂದು ನಾನು ಜನ್ಮದಲ್ಲಿ ಹೇಳಿದವಳಲ್ಲ. ಬೇರೆಯವರು ಹಾಗೆ ಮಾಡಿದ್ದರೆ ಕೂರಿಸಿಕೊಂಡು ಬುದ್ಧಿ ಹೇಳುತ್ತಿದ್ದೆ. ಮೇಡಂ ಇನ್ನೊಂದು ದಾರಿ ಹುಡುಕಿದರು. ಹೊಸದೇ ಇರಲಿ, ಪೆಟ್ಟಿಗೆಯ ಮೇಲೆ ಮಾತ್ರ 'ಒಬ್ಬರು ಅಥವಾ ಇಬ್ಬರು' ಎಂದು ಹಾಕೋಣ ಎಂದರು. ನಾನು ಬರೀ 'ಇಬ್ಬರು' ಎಂದೆ. ಅವರು ಸಣ್ಣ ಅಕ್ಷರದಲ್ಲಿ ಎಂದರು. ನಾನು 'ಇಬ್ಬರು' ಎಂದೆ. ಒಂದು ಮಾತಿಗೆ ಇಷ್ಟು ಹೊತ್ತು ಚೌಕಾಸಿ ಮಾಡಿದ್ದು ನನಗೂ ಅದೇ ಮೊದಲು. ಅಣ್ಣ ಲೇತಿನ ವೇಗ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಕೊನೆಗೆ ಮೇಡಂ, ಹಾಗಾದರೆ ಅಂದುಕೊಂಡಿದ್ದರಲ್ಲಿ ಅರ್ಧದಷ್ಟೇ ತೆಗೆದುಕೊಳ್ಳುತ್ತೇನೆ ಎಂದರು. ಆಗಲಿ ಎಂದೆ.

ಪೆಟ್ಟಿಗೆಗಳು ಮಳೆಗಾಲದ ಮೊದಲೇ ಹೋದವು. ಯಾರ ಮನೆಯಲ್ಲೋ ಯಾರೋ ಇಬ್ಬರು ಜಗಳವಾಡುತ್ತಿರಬಹುದು. ಅಷ್ಟು ಸಾಕು ಎಂದು ಹಗಲಲ್ಲಿ ಅನ್ನಿಸುತ್ತದೆ.

ಭಾನುವಾರ ಲೇತಿಗೆ ರಜ. ಓಣಿಯಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆಯೂ ಇರುವುದಿಲ್ಲ. ಒಂದು ಆಟಿಕೆಯನ್ನು ನನಗೆಂದು ಇಟ್ಟುಕೊಂಡಿದ್ದೇನೆ. ಕಾಗೆಗಳನ್ನು ನಿಲ್ಲಿಸಿ, ಈ ಕಡೆ ಬಂದು ಕೂತು, ಗೂಟಕ್ಕೆ ಕೈ ಹಾಕುತ್ತೇನೆ. ಹೊಡೆಯುವುದಿಲ್ಲ. ಇಬ್ಬರು ಎಂದು ಹಟ ಹಿಡಿದು ಹಾಕಿಸಿದವಳು ನಾನೇ. ನಾಳೆ ಟೀ ಹೊತ್ತಿಗೆ ಅಣ್ಣನನ್ನು ಆ ಕಡೆ ಕೂರು ಎನ್ನಬೇಕು ಎಂದುಕೊಳ್ಳುತ್ತೇನೆ. ಸೋಮವಾರ ಅವನು ಬರುತ್ತಾನೆ. ಮರ ಒಣಗಿದೆಯಾ ಎಂದು ಕೇಳುತ್ತೇನೆ, ಅರಗು ಎಷ್ಟಿದೆ ಎಂದು ಕೇಳುತ್ತೇನೆ. ಟೀ ಬರುತ್ತದೆ. ಅವನು ನಿಂತುಕೊಂಡೇ ಕುಡಿದು ಲೋಟ ಇಟ್ಟು ಲೇತಿನ ಕಡೆ ಹೋಗುತ್ತಾನೆ.