ಮೈಂದರ್ಗಿ ಗೌಡರ ಖಾಲಿ ವಿಳಾಸಗಳು

ಉಂಡ ಅನ್ನದ ಆಣೆ, ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ತೊಂಬತ್ತರ ದಶಕದ ಕೊನೆಗೆ ಸೊಲ್ಲಾಪುರದಲ್ಲಿ ಇಂಟರ್ನೆಟ್ ವಿಳಾಸ ಹಂಚುವ ಧಣಿ ನಾನೇ. ಪ್ರತಿ ಕಂಪ್ಯೂಟರಿಗೂ ನಂಬರಿನ ಒಂದು ವಿಳಾಸ ಬೇಕು. ನಮ್ಮಲ್ಲಿ ಅವು ಮುಗಿದಿದ್ದವು. ಪ್ರಾದೇಶಿಕ ನೋಂದಣಿ ಕಚೇರಿಯವರು, ಹೊಸವು ಬೇಕಾದರೆ ಹಿಂದೆ ಕೊಟ್ಟದ್ದನ್ನೆಲ್ಲ ಬಳಸಿ ತೋರಿಸಿ ಎಂದು ಪಟ್ಟು ಹಿಡಿದಿದ್ದರು. ಅಕ್ಕಲಕೋಟೆ ಕಾಲೇಜಿನ ಹೊಸ ಕಂಪ್ಯೂಟರುಗಳು ವಿಳಾಸವಿಲ್ಲದೆ ಸುಮ್ಮನೆ ಕೂತಿದ್ದವು. ಮೈಂದರ್ಗಿಯ ಗೌಡರು ಮಾತ್ರ ತಮ್ಮ ಎಣ್ಣೆ ಗಿರಣಿಯ ಒಂದೇ ಕಂಪ್ಯೂಟರಿಗೆ ಹದಿನಾರು ವಿಳಾಸ ಹಿಡಿದಿದ್ದರು.

ಕೇಳಲು ಹೋದರೆ ಅಲ್ಲಿ ಮೊಮ್ಮಗನ ತೊಟ್ಟಿಲ ಊಟ.

"ಖಾಲಿ ಇದ್ದವು ವಾಪಸ್ ಕೊಡ್ರಿ, ಗೌಡರ."

"ಅವು ಮೊಮ್ಮಕ್ಕಳಿಗೆ ಇಟ್ಟೀನ್ರಿ, ಸಾಹೇಬ್ರ. ಮೊದಲ ಉಣ್ಣರಿ."

ಉಂಡೆ. ಪಂಗ್ತಿಯವರೆಲ್ಲ ಎದ್ದರು, ನಾನು ಬೇಕಂತಲೇ ಏಳಲಿಲ್ಲ.

"ಏಳ್ರೀ, ಮುಂದಿನ ಪಂಗ್ತಿ ನಿಂತೈತಿ!" ಎಂದರು ಗೌಡರು.

"ಈ ಜಾಗಾ ನನ್ನ ಮೊಮ್ಮಕ್ಕಳಿಗೆ ಇಟ್ಟೀನ್ರಿ."

"ನಿಮಗಿನ್ನಾ ಲಗ್ನನ ಆಗಿಲ್ಲಲ್ರೀ!"

"ಆದರೇನ್ರಿ, ಜಾಗಾ ಹಿಡದ ಇಡಬೇಕಲ್ಲ?"

ಹಸಿದು ನಿಂತವರೂ ನಕ್ಕರು. ಗೌಡರು ಹಣೆ ಚಚ್ಚಿಕೊಂಡು, "ಒಂದ ಬಿಟ್ಟು ಎಲ್ಲಾ ಒಯ್ರಿ ಮಾರಾಯರ, ಮೊದಲ ಏಳ್ರಿ!" ಎಂದರು.

ಮರುದಿನವೇ ಕಾಲೇಜು ಇಂಟರ್ನೆಟ್ ಸೇರಿತು. ಮಂದಿ ಜಾಗ ಬಿಡಿಸಲು ಕೋರ್ಟಿಗೆ ಅಲೆಯುತ್ತಾರೆ. ನಾನು ಬರೀ ಕೂತು ಬಿಡಿಸಿದೆ.

ಬೇಕಂತಲೇ ಏಳಲಿಲ್ಲ ಅಂದೆನಲ್ಲ, ಅದೊಂದು ಮಾತ್ರ ಕಟ್ಟಿ ಹೇಳಿದ್ದು. ಅಷ್ಟು ಹೋಳಿಗೆ, ತುಪ್ಪ ಆದಮೇಲೆ ಏಳಲು ಆಗುತ್ತಲೇ ಇರಲಿಲ್ಲ.