ಗಂಗವ್ವನ ಉಡಿಗೆ ಹಾಕಿದ ಹೂವು

ಸಿದ್ದನಹಾಳದ ಜಾನಕೀಬಾಯಿ ಕೆಟ್ಟ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಆ ಊರಿನ ಕೆರೆ ಕೆಟ್ಟದ್ದು ಆಕೆಯ ಕೈಯಿಂದ. ಅದನ್ನು ಉಳಿಸಲು ಹೋಗಿ ಊರವರ ಬಾಯಿಗೆ ಬಿದ್ದವಳೂ ಆಕೆಯೇ.

ಸಿದ್ದನಹಾಳವೆಂದರೆ ಮುಂಡರಗಿಯಿಂದ ಶಿರಹಟ್ಟಿಯ ಕಡೆ ಹೋಗುವ ಹಾದಿಯಲ್ಲಿ, ಎರೆಹೊಲಗಳ ನಡುವೆ ಕೂತ ಮುನ್ನೂರು ಮನೆಗಳ ಊರು. ಎಲ್ಲಿ ಬಾವಿ ತೋಡಿದರೂ ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಕುಡಿಯಲಿಕ್ಕೆ ಇದ್ದದ್ದು ಒಂದೇ, ಊರ ಪಡುವಣಕ್ಕಿದ್ದ ಸಿಹಿನೀರ ಕೆರೆ. ಮಳೆಗಾಲದಲ್ಲಿ ತುಂಬಿದ್ದನ್ನು ಊರು ವರ್ಷವಿಡೀ ಕುಡಿಯುತ್ತಿತ್ತು.

ಆ ಕೆರೆಗೆ ಕಟ್ಟಳೆಗಳಿದ್ದವು. ಏರಿಯ ಮೇಲಿನ ಕರಿಕಲ್ಲು ದಾಟಿದ ಮೇಲೆ ಕಾಲಲ್ಲಿ ಚಪ್ಪಲಿ ಇರಬಾರದು. ದನ ಇಳಿಸಬಾರದು. ಬಟ್ಟೆ ಒಗೆಯಬಾರದು. ಕೈ ತೊಳೆದರೂ ಆ ನೀರು ಏರಿಯಾಚೆ ಬೀಳಬೇಕು. ಇದನ್ನೆಲ್ಲ ನೋಡಿಕೊಳ್ಳಲು ಪಂಚಾಯ್ತಿಯವರು ಮೌಲಾಸಾಬನೆಂಬ ಕಾವಲಿನವನನ್ನು ಇಟ್ಟಿದ್ದರು. ಉದ್ದನೆಯ ಬಿದಿರುಕೋಲು ಹಿಡಿದು ಅವನು ಬೆಳಗಿನಿಂದ ಸಂಜೆಯ ತನಕ ಏರಿಯ ಮೇಲೆ ತಿರುಗುತ್ತಿದ್ದ. ಇನ್ನೊಂದು ಕಟ್ಟಳೆಯೂ ಇತ್ತು, ಅದನ್ನು ಮುಚ್ಚಿಟ್ಟು ಹಳೆಯ ಕಾಲವನ್ನು ಹೊಗಳಬಾರದು. ಹೊರಕೇರಿಯವರು ಮೆಟ್ಟಿಲು ಇಳಿಯುವಂತಿರಲಿಲ್ಲ. ಕೊಡವನ್ನು ಕೆಳಗಿಟ್ಟು, ಯಾರಾದರೂ ಪುಣ್ಯಾತ್ಮರು ನೀರು ಹಾಕಿಯಾರೆಂದು ಬಿಸಿಲಲ್ಲಿ ಕಾಯಬೇಕಿತ್ತು.

ಕೆರೆ ತುಂಬಿ ಕೋಡಿ ಬಿದ್ದ ವರ್ಷ ಊರ ಮುತ್ತೈದೆಯರೆಲ್ಲ ಕೂಡಿ ಗಂಗವ್ವನಿಗೆ ಉಡಿ ತುಂಬುತ್ತಿದ್ದರು. ಹೊಸ ಮೊರದಲ್ಲಿ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಬೇರು, ಬಳೆ ಇಟ್ಟು ನೀರಿಗೆ ಬಿಡುವುದು. ಬಸುರಿ ಮಗಳಿಗೆ ತವರಿನವರು ಉಡಿ ತುಂಬುವ ಹಾಗೆಯೇ. ಮೊದಲನೆಯ ಮೊರ ಬಿಡುವ ಹಕ್ಕು ಮಾರುತಿ ಗುಡಿಯ ಪೂಜಾರಿ ಮನೆತನದ್ದು. ಪೂಜಾರಿ ಗುರುರಾಜಾಚಾರ್ಯರ ಹೆಂಡತಿ ಜಾನಕೀಬಾಯಿ ಆ ಊರಿಗೆ ಸೊಸೆಯಾಗಿ ಬಂದಾಗಿನಿಂದ ಆ ಹಕ್ಕನ್ನು ಬಿಟ್ಟುಕೊಟ್ಟವಳಲ್ಲ.

ಎಪ್ಪತ್ತೆರಡರ ಬರದಲ್ಲಿ ಕೆರೆಯ ತಳ ಬಿರಿಯಿತು. ಎರಡು ವರ್ಷ ಸಿಂಗಟಾಲೂರಿನ ಹೊಳೆಯಿಂದ ಚಕ್ಕಡಿಯ ಮೇಲೆ ಪೀಪಾಯಿಗಳಲ್ಲಿ ನೀರು ತಂದು ಕುಡಿದರು. ಎಪ್ಪತ್ತನಾಲ್ಕರಲ್ಲಿ ಮಳೆ ಹಿಡಿದು ಕೆರೆ ತುಂಬಿತು. ಜಾನಕೀಬಾಯಿ ಆಗ ತಂಗಿಯ ಮೊಮ್ಮಗನ ತೊಟ್ಟಿಲಿಗೆಂದು ಗದಗಿಗೆ ಹೋಗಿದ್ದಳು. ತಂಗಿಯ ಮನೆಯ ಹಿಂದೆ ಒಬ್ಬ ಸಾಹುಕಾರರ ಬಂಗಲೆ, ಅವರ ಅಂಗಳದಲ್ಲಿ ಸಿಮೆಂಟಿನ ಟಾಕಿ. ಟಾಕಿಯ ನೀರಿನ ಮೇಲೆ ಒಂದು ಗಿಡ ತೇಲುತ್ತಿತ್ತು. ಗುಂಡನೆಯ ಎಲೆ, ಉಬ್ಬಿದ ದೇಟು, ನೇರಳೆ ಬಣ್ಣದ ಗೊಂಚಲು ಹೂವು, ಮೇಲಿನ ಎಸಳಿನಲ್ಲಿ ಹಳದಿ ಬೊಟ್ಟು. ಮಣ್ಣಿಲ್ಲದೆ, ನೆಲವಿಲ್ಲದೆ ನೀರನ್ನೇ ಕುಡಿದು ಹೂ ಬಿಡುವ ಗಿಡ. ಇದು ಗಂಗೆಯದಲ್ಲದೆ ಇನ್ನಾರದು ಎಂದು ಆಕೆಗೆ ಅನ್ನಿಸಿತು. ಕೇಳಿ ಎರಡು ಗಿಡ ತೆಗೆದುಕೊಂಡಳು. ತಾಮ್ರದ ತಂಬಿಗೆಯಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ಮುಂಡರಗಿ ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಹಿಡಿದು ತಂದಳು.

ಉಡಿ ತುಂಬುವ ದಿವಸ ಮೊರದಲ್ಲಿ ಖಣದ ಪಕ್ಕ ಆ ಹೂವನ್ನು ಕಂಡು ಹೆಂಗಸರೆಲ್ಲ ಬಾಗಿ ನೋಡಿದರು. ಆಚೆ ಓಣಿಯ ಒಕ್ಕಲಗಿತ್ತಿ ದೇವವ್ವ ಗಲ್ಲದ ಮೇಲೆ ಕೈಯಿಟ್ಟಳು.

“ಯವ್ವಾ, ಇದ್ಯಾವ ಹೂವ್ರೀ ಬಾಯಾರ? ನವಲಿನ ಕಣ್ಣ ಇದ್ದಂಗೈತಲ್ಲ!”

“ಗದಗಿನಿಂದ ತಂದೀನಿ. ಎರಡು ವರ್ಷದ ಮ್ಯಾಲೆ ತವರಿಗೆ ಬಂದಾಳ ತಾಯಿ. ಬರೇ ಖಣಾ, ಕೊಬ್ಬರಿ ಕೊಟ್ಟು ಸುಮ್ಮನ ಕೂಡೂದೇನು?”

“ಖರೆ ಬಿಡ್ರಿ. ಆಕಿನೂ ಒಂದೀಟು ಮುಡೀಲಿ.”

ಮೊರ ತೇಲಿತು, ಮುಳುಗಿತು. ಗಿಡ ಮುಳುಗಲಿಲ್ಲ. ಮುಳುಗದ್ದನ್ನು ಕಂಡು ತಾಯಿ ಒಪ್ಪಿಕೊಂಡಳು ಎಂದು ಎಲ್ಲರೂ ಕೈ ಮುಗಿದರು.

ತಿಂಗಳೊಪ್ಪತ್ತಿನ ನಂತರ ಮೌಲಾಸಾಬ ಪೂಜಾರಿಯವರ ಕಟ್ಟೆಯ ಕೆಳಗೆ ಬಂದು ನಿಂತ. ಹರೆಯದಲ್ಲಿ ಅವನು ಹೊಸಪೇಟೆಯ ಕಡೆ ಡ್ಯಾಮಿನ ಕಾಲುವೆ ಕೆಲಸಕ್ಕೆ ಹೋಗಿ ಬಂದವನು.

“ಬಾಯಾರ, ಸಿಟ್ಟಿಗೇಳಬ್ಯಾಡ್ರಿ. ಕೆರ್‍ಯಾಗ ನೀವು ಬಿಟ್ಟದ್ದು ಹೂವಿನ ಗಿಡ ಅಲ್ಲ. ಕಾಲುವಿಯೊಳಗ ನಾ ನೋಡೀನಿ ಅದನ್ನ. ಒಂದು ಇದ್ದದ್ದು ಹದಿನೈದು ದಿನಕ್ಕ ಎರಡು, ಎರಡು ಇದ್ದದ್ದು ನಾಕು. ಕಡೀಕ ನೀರಿನ ಮ್ಯಾಲ ಚಾಪಿ ಹಾಸಿಬಿಡತೈತಿ. ಈಗ ಹತ್ತೋ ಹನ್ನೆರಡೋ ಅದಾವು. ಹೂಂ ಅನ್ರಿ, ಕೋಲಿಲೆ ಎಳದು ಒಗದ ಬಿಡ್ತೀನಿ.”

ಜಾನಕೀಬಾಯಿಗೆ ಮೈಯೆಲ್ಲ ಉರಿಯಿತು. “ಏನಂದಿ? ಉಡಿಯೊಳಗ ಹಾಕಿದ್ದನ್ನ ಹೊಳ್ಳಿ ತಗೊಳ್ಳೂದ? ನಿನ್ನ ಮಗಳಿಗೆ ಉಡಿ ತುಂಬಿ ಕಳಸಿದಿ, ಮರುದಿವಸ ಹೋಗಿ ಸೀರಿ ಕಸಕೊಂಡು ಬಂದ್ಯೇನು?”

“ಹಂಗಲ್ರಿ, ಇದು...”

“ಮುಟ್ಟಿದ್ರ ಸಿಟ್ಟಿಲೆ ಹೊಳ್ಳಿ ಹೋಗ್ತಾಳ ನೋಡು ಗಂಗವ್ವ. ಎಪ್ಪತ್ತೆರಡು ಮರತಿ? ಮತ್ತ ಹೊಳಿಗೆ ಚಕ್ಕಡಿ ಹೂಡೋದದ ಏನು?”

ಓಣಿಯ ನಾಲ್ಕು ಬಾಗಿಲುಗಳಿಗೆ ಕೇಳುವಂತೆ ಆಕೆ ಹೇಳಿದ ಮಾತು ಇದು. ಸಂಜೆಯೊಳಗೆ ಊರೆಲ್ಲ ಹಬ್ಬಿತು. ಎರಡು ವರ್ಷ ಪೀಪಾಯಿ ನೀರು ಕುಡಿದ ಊರಿಗೆ ಹೆದರಿಕೆ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಮೌಲಾಸಾಬ ಕೋಲು ಊರಿಕೊಂಡು ತನ್ನ ಏರಿಗೆ ಹೋದ.

ಎಪ್ಪತ್ತೇಳರ ಹೊತ್ತಿಗೆ ಕೆರೆಯ ಕಾಲುಭಾಗ ಹಸಿರಾಗಿತ್ತು. ಆಮೇಲೆ ಪಂಚಾಯ್ತಿ ಚೇರ್ಮನ್ ಪುಂಡಲೀಕಪ್ಪ ಸಂತೆ ಓಣಿಗೆ ಕಲ್ಲಿನ ಗಟಾರ ಕಟ್ಟಿಸಿದ. ಒಳ್ಳೆಯದೇ. ಆದರೆ ಗಟಾರದ ನೀರು ಎಲ್ಲಿಗಾದರೂ ಹೋಗಬೇಕಲ್ಲ, ಊರಲ್ಲಿ ತಗ್ಗು ಜಾಗವೆಂದರೆ ಕೆರೆಯೊಂದೇ. ಚಹಾದಂಗಡಿಯ ಮುಸುರೆ, ಬಚ್ಚಲುಗಳ ಸಾಬೂನು ನೀರು, ಕೊಟ್ಟಿಗೆಗಳ ಗಂಜಳ ಎಲ್ಲವೂ ಗಂಗವ್ವನ ಮಡಿಲಿಗೆ ಇಳಿಯಿತು. ಚಪ್ಪಲಿ ಮೆಟ್ಟಿ ಬಂದವನನ್ನು ಅಟ್ಟುತ್ತಿದ್ದ ಊರು ಗಟಾರವನ್ನು ಅಟ್ಟಲಿಲ್ಲ. ಗಟಾರಕ್ಕೆ ಕಾಲಿರಲಿಲ್ಲವಲ್ಲ! ಆ ಗೊಬ್ಬರ ಉಂಡು ಕಳೆ ಹುಚ್ಚೆದ್ದು ಬೆಳೆಯಿತು. ಒಂದೇ ವರ್ಷದಲ್ಲಿ ಕೆರೆ ನೇರಳೆ ಹೂವಿನ ಬಯಲಾಯಿತು. ಶಿರಹಟ್ಟಿಯಿಂದ ಬಂದ ಹೊಸ ಮದುಮಕ್ಕಳು ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಂಡರು.

ಒಂದು ಬೆಳಿಗ್ಗೆ ಜಾನಕೀಬಾಯಿ ಕೊಡ ಮುಳುಗಿಸಿ ಎತ್ತಿದಾಗ ಕೊಡದ ಬಾಯಿಗೆ ಕರಿಕೂದಲಿನಂತಹ ಬೇರು ಸುತ್ತಿಕೊಂಡು ಬಂತು. ಬೇರಿನ ತುಂಬ ಹುಳ. ನೀರಿಗೆ ಕೊಳೆತ ಹುಲ್ಲಿನ ವಾಸನೆ. ಅದನ್ನೇ ಸೋಸಿ ಗುಡಿಗೆ ಕೊಟ್ಟಳು. ಗುರುರಾಜಾಚಾರ್ಯರು ತೀರ್ಥದ ಬಟ್ಟಲನ್ನು ಮೂಗಿನ ತನಕ ತಂದು, ಮೂರು ತುಳಸಿ ದಳ ಹೆಚ್ಚಿಗೆ ಹಾಕಿದರು. ಬೈದಿದ್ದರೆ ಆಕೆಗೆ ಅಷ್ಟು ತಾಗುತ್ತಿರಲಿಲ್ಲ.

ಅವತ್ತೇ ಆಕೆ ದೇವವ್ವನ ಮನೆಗೆ ಹೋದಳು. “ದೇವವ್ವಾ, ಮನಿಗೊಬ್ಬರು ಬಂದ್ರ ಎಂಟು ದಿವಸದಾಗ ಕೆರಿ ಹಸನಾಗ್ತದ. ನಾನೇ ಮೊದಲು ಇಳೀತೀನಿ.”

ದೇವವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಮುಟ್ಟಿದ್ರ ಹೊಳ್ಳಿ ಹೋಗ್ತಾಳ ಅಂದೋರು ನೀವಽ ಅಲ್ರಿ?”

“ಅಂದೆ. ತಪ್ಪಂದೆ.”

“ಮೊದಲ ಅಂದದ್ದು ಗಂಗವ್ವ ಕೇಳ್ಯಾಳ್ರಿ ಬಾಯಾರ, ಊರಽ ಕೇಳೈತಿ. ಈಗ ತಪ್ಪಂದೆ ಅನ್ನೂದು ಆಕಿ ಕೇಳ್ಯಾಳೋ ಇಲ್ಲೋ ಯಾರಿಗ್ಗೊತ್ತು? ನಮ್ಮನ್ಯಾಗ ಸಣ್ಣ ಹುಡುಗ್ರು ಅದಾವ್ರಿ.”

ಗುರುರಾಜಾಚಾರ್ಯರು ಗುಡಿಯ ಕಟ್ಟೆಯ ಮೇಲೆ ಜನ ಕೂಡಿಸಿ ಶಾಸ್ತ್ರ ಹೇಳಿದರು. ಆವಾಹನೆ ಮಾಡಿದ ದೇವರನ್ನೇ ವಿಸರ್ಜನೆ ಮಾಡುತ್ತೇವೆ, ಪೂಜೆ ಮಾಡಿದ ಗಣಪತಿಯನ್ನೇ ನೀರಿಗೆ ಬಿಡುತ್ತೇವೆ, ಈ ಹುಲ್ಲಿನದೇನು ದೊಡ್ಡದು ಎಂದರು. ಚೇರ್ಮನ್ ಪುಂಡಲೀಕಪ್ಪ ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ದೂಡಿದ.

“ಆಚಾರ್ರ, ಗಣಪ್ಪನ್ನ ನೀರಾಗ ಬಿಡೂದು ಖರೆ. ಬಿಟ್ಟ ಗಣಪ್ಪನ್ನ ಹೊಳ್ಳಿ ಎತ್ತಿದ್ದು ಮಾತ್ರ ನಾ ಎಲ್ಲೂ ನೋಡಿಲ್ರಿ.”

ಕಟ್ಟೆಯೆಲ್ಲ ನಕ್ಕಿತು. ಅಲ್ಲಿಗೆ ಶಾಸ್ತ್ರ ಮುಗಿಯಿತು.

ಎಂಬತ್ತರ ಆಷಾಢದಲ್ಲಿ ಜಾನಕೀಬಾಯಿ ತಾನೇ ಕಚ್ಚೆ ಬಿಗಿದು ನೀರಿಗಿಳಿದಳು. ಆಗ ಆಕೆಗೆ ಐವತ್ತೆಂಟು. ಜೊತೆಗೆ ಬಂದವನು ಮೌಲಾಸಾಬನೊಬ್ಬನೇ. ಬಿದಿರುಕೋಲಿನ ತುದಿಗೆ ಕುಡುಗೋಲು ಕಟ್ಟಿಕೊಂಡು ಅವನು ಎಳೆಯುವುದು, ಆಕೆ ತೆಕ್ಕೆ ತುಂಬಿ ಏರಿಗೆ ಹಾಕುವುದು. ಎರಡನೆಯ ದಿನ ಆಕೆ ಅಂದಳು: “ಅವತ್ತ ನಿನ್ನ ಮಾತು ಕೇಳಬೇಕಾಗಿತ್ತು ಮೌಲಾಸಾಬ.”

“ಕೇಳಿದ್ರ ಹನ್ನೆರಡು ಗಿಡ ಇದ್ವು. ಈಗ ಎಳೀರಿ, ಎಳೀರಿ.”

ಒಂಬತ್ತು ದಿನಕ್ಕೆ ಮೆಟ್ಟಿಲಿನ ಮುಂದೆ ಎರಡು ಅಂಕಣದಷ್ಟು ನೀರು ಬಿಚ್ಚಿತು. ಆಕಾಶ ಕಂಡಿತು ಅದರಲ್ಲಿ. ಏರಿಯ ಮೇಲೆ ಆಳೆತ್ತರದ ಎರಡು ಬಣವೆ. ಬಂದ ಹೆಂಗಸರು ಆ ಬಿಚ್ಚಿದ ನೀರಲ್ಲಿ ಕೊಡ ತುಂಬಿಕೊಂಡರು, ಬಣವೆಯ ಕಡೆ ನೋಡದೆ ನಡೆದರು.

ಶ್ರಾವಣ ಬಂತು, ಮಳೆ ಬರಲಿಲ್ಲ. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಕೆರೆ ಗೇಣು ಇಳಿಯಿತು. ಮೂರನೆಯ ವಾರದ ಮಂಗಳವಾರ ಊರ ಹೆಂಗಸರು ಅರಿಸಿನ ಕುಂಕುಮ ಹಿಡಿದು ಏರಿ ಹತ್ತಿದರು. ಮುಂದೆ ದೇವವ್ವ. ಬಣವೆಗೆ ಅರಿಸಿನ ಎರಚಿ, “ತಪ್ಪಾತ ತಾಯಿ, ಹೊಟ್ಟ್ಯಾಗ ಹಾಕ್ಕೋ” ಎನ್ನುತ್ತ ಬುಟ್ಟಿಗೆ ತುಂಬಿ ತುಂಬಿ ಕೆರೆಗೆ ಸುರಿದರು. ಮೇಲಿನದು ಒಣಗಿತ್ತು, ಒಳಗಿನದು ಹಸಿಯಾಗೇ ಇತ್ತು. ಜಾನಕೀಬಾಯಿ ಮೆಟ್ಟಿಲಿಗೆ ಅಡ್ಡ ನಿಂತಳು.

“ಬ್ಯಾಡ್ರವ್ವಾ. ಕೈ ಮುಗೀತೀನಿ. ನೀವು ಕುಡಿಯೋ ನೀರದು.”

“ಬಾಜೂಕ ಸರೀರಿ ಬಾಯಾರ,” ದೇವವ್ವ ಮೆತ್ತಗೆ ಹೇಳಿದಳು. ಅದರಲ್ಲಿ ಸಿಟ್ಟಿರಲಿಲ್ಲ. “ಮೈಮ್ಯಾಲ ಬಿದ್ದೀತು.”

ಮೂರನೆಯ ದಿನ ಮಳೆ ಬಂತು. ಕಾಗೆ ಕೂತಿತು, ಟೊಂಗೆ ಮುರಿಯಿತು ಎಂದು ಓದಿದವರು ಹೇಳಿಯಾರು. ಸಿದ್ದನಹಾಳದಲ್ಲಿ ಅವತ್ತು ತೊಯ್ಯುತ್ತ ಕುಣಿದವರಿಗೆ ಅದನ್ನು ಯಾರು ಹೇಳಬೇಕು? ಜಾನಕೀಬಾಯಿ ಹೇಳಬೇಕೇ? ಆಕೆ ಬಾಗಿಲ ಹಿಂದೆ ಕೂತು ಮಳೆಯ ಸದ್ದು ಕೇಳಿದಳು. ಮಳೆ ಬಂದದ್ದಕ್ಕೆ ಆಕೆಗೂ ಸಂತೋಷವಾಗಿತ್ತು. ಅದೇ ದೊಡ್ಡ ಸಂಕಟ.

ಊರು ಕೈಬಿಟ್ಟ ಮೇಲೆ ಉಳಿದದ್ದು ಸರಕಾರ. ಆಕೆ ಅರ್ಜಿ ಬರೆದಳು, ದುಂಡನೆಯ ಅಕ್ಷರದಲ್ಲಿ. ‘ಕಳೆ ನಾನು ಬಿಟ್ಟದ್ದು, ತಪ್ಪು ನನ್ನದು, ಗಟಾರ ಮಾತ್ರ ತಿರುಗಿಸಿರಿ’ ಎಂದು. ಸ್ವಂತ ತಪ್ಪನ್ನು ಮೊದಲ ಸಾಲಿನಲ್ಲೇ ಬರೆದ ಅರ್ಜಿಯನ್ನು ಆ ಕಚೇರಿಗಳು ಅದುವರೆಗೆ ಕಂಡಿರಲಿಕ್ಕಿಲ್ಲ. ಕೆರೆಯೆಂದರೆ ನೀರಾವರಿಯವರದು ಎಂದಿತು ಒಂದು ಕಚೇರಿ. ಕುಡಿಯುವ ನೀರೆಂದರೆ ನಮ್ಮದಲ್ಲ ಎಂದಿತು ಇನ್ನೊಂದು. ಮೂರು ವರ್ಷ ಹೀಗೆ. ಎಂಬತ್ತಮೂರರಲ್ಲಿ ಜೀಪಿನಲ್ಲಿ ಒಬ್ಬ ಸಾಹೇಬರು ಬಂದರು. ಬೂಟುಗಾಲಲ್ಲೇ ಏರಿ ಹತ್ತಿದರು. ಮೌಲಾಸಾಬ ಬಾಯಿ ತೆರೆದ, ಪುಂಡಲೀಕಪ್ಪ ಕಣ್ಣು ಬಿಟ್ಟ, ಮೌಲಾಸಾಬ ಬಾಯಿ ಮುಚ್ಚಿದ.

“ಏನ್ ಚೆನ್ನಾಗಿವೆ ಹೂವು!” ಅಂದರು ಸಾಹೇಬರು. ಒಂದು ಬಾಟಲಿ ನೀರು ತುಂಬಿಸಿಕೊಂಡು ಹೋದರು. ಆ ಬಾಟಲಿಯ ಖಬರು ಇವತ್ತಿಗೂ ಬಂದಿಲ್ಲ.

ಜೀಪು ಹೋದ ಮೇಲೆ ಆಕೆ ಪುಂಡಲೀಕಪ್ಪನನ್ನು ತಡೆದಳು. “ಗಟಾರ ಒಂದು ತಿರುಗಿಸಪಾ.”

“ಎತ್ತ ತಿರುಗಿಸ್ಲಿರಿ? ನಿಮ್ಮ ಅಡಗಿಮನಿಗೆ ಬಿಡ್ಲ್ಯಾ?”

ಆ ಮಳೆಗಾಲದಲ್ಲಿ ಊರಲ್ಲಿ ವಾಂತಿಭೇದಿ ಬಂತು. ಐದು ಜನ ಹೋದರು. ಅದರಲ್ಲಿ ದೇವವ್ವನ ಮೊಮ್ಮಗಳು ಒಬ್ಬಳು, ನಾಲ್ಕು ವರ್ಷದ್ದು. ಜಾನಕೀಬಾಯಿ ಮಾತಾಡಿಸಲು ಹೋಗಿ ಹೊಸ್ತಿಲಲ್ಲೇ ನಿಂತಳು. ಒಬ್ಬಳು ಕಳೆ ಬಿಟ್ಟವಳು, ಇನ್ನೊಬ್ಬಳು ಹೊಳ್ಳಿ ಬಿಟ್ಟವಳು. ಯಾರು ಯಾರನ್ನು ಬೈಯಬೇಕು?

ಐದು ಜನ ಸತ್ತ ಮೇಲೆ ಸರಕಾರಕ್ಕೆ ಊರು ಕಂಡಿತು. ಎಂಬತ್ತೈದರಲ್ಲಿ ಬೋರು ಕೊರೆಯುವ ಲಾರಿ ಬಂತು. ಮಾರುತಿ ಗುಡಿಯ ಮುಂದೆಯೇ ನೀರು ಬಿತ್ತು, ಕೈಪಂಪು ಕೂತಿತು. ಪಂಪಿನ ಪೂಜೆಗೆ ಕರೆಯಲು ಪುಂಡಲೀಕಪ್ಪ ತಾನೇ ಬಂದ.

“ಹಿರೇ ಮುತ್ತೈದಿ ನೀವು. ನೀವಽ ಮಾಡಬೇಕ್ರಿ ಬಾಯಾರ.”

“ಮಾಡ್ತೀನಿ. ಗಟಾರ ತಿರುಗಿಸ್ತೀಯೇನು?”

ಅವನಿಗೆ ಖರೆಯೇ ಆಶ್ಚರ್ಯವಾಯಿತು. “ಈಗ್ಯಾಕ್ರಿ? ಇನ್ನ ಮ್ಯಾಲ ಆ ನೀರು ಕುಡಿಯೋರ್‍ಯಾರು?”

ಹನ್ನೊಂದು ವರ್ಷದ ಜಗಳ ಅಲ್ಲಿಗೆ ಮುಗಿಯಿತು. ಮೌಲಾಸಾಬನ ಕೆಲಸವನ್ನು ಅದೇ ತಿಂಗಳು ತೆಗೆದರು. ಕಾಯಲಿಕ್ಕೆ ಏನಿತ್ತು? ಇನ್ನು ಕುಡಿಯುವವರ ಮಾತು. ಹೊರಕೇರಿಗೆ ಪಂಪು ಬರಲು ಮತ್ತೆರಡು ವರ್ಷ ಹಿಡಿಯಿತು, ಗುಡಿಯ ಮುಂದಿನ ಪಂಪನ್ನು ಅವರು ಮುಟ್ಟುವಂತಿರಲಿಲ್ಲ. ಅಲ್ಲಿಯ ತನಕ ಅವರು ಕೆರೆಯನ್ನೇ ಕುಡಿದರು, ಕಳೆ ಸರಿಸಿ, ಸ್ವಂತ ಕೊಡ ಮುಳುಗಿಸಿ. ಮೆಟ್ಟಿಲು ಇಳಿಯಬೇಡಿರೆಂದು ಈಗ ಯಾರೂ ಹೇಳುತ್ತಿರಲಿಲ್ಲ. ಜಾನಕೀಬಾಯಿ ಅವರ ಸಲುವಾಗಿ ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಇದನ್ನೂ ಬರೆಯಲೇಬೇಕು.

ಪೂಜೆಯ ದಿವಸ ಆಕೆ ಪಂಪಿನ ಹಿಡಿಕೆಗೆ ಕುಂಕುಮ ಹಚ್ಚಿದಳು, ಕಾಯಿ ಒಡೆದಳು. ದೇವವ್ವ ಮುಂದೆ ಬಂದು ಹಿಡಿಕೆ ಒತ್ತಿದಳು. ನಾಲ್ಕು ಸಲ ಗೊರಗೊರ ಅಂದು, ಐದನೆಯ ಸಲಕ್ಕೆ ಕನ್ನಡಿಯಂಥ ನೀರು ಸುರಿಯಿತು. ಊರೆಲ್ಲ ಹೋ ಎಂದಿತು. ಮೊದಲ ಬೊಗಸೆ ಹಿರಿಯಳಿಗೆ. ಜಾನಕೀಬಾಯಿ ಕೈಯೊಡ್ಡಿ ಕುಡಿದಳು.

ಸವಳು. ನಾಲಗೆಯ ಬುಡಕ್ಕೆ ಹತ್ತುವ ಸವಳು.

ದೇವವ್ವ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡೇ ಆಕೆಯ ಮುಖ ನೋಡುತ್ತಿದ್ದಳು. ಹಿಂದೆ ಕೊಡ ಹಿಡಿದ ಹೆಂಗಸರ ಸಾಲು ಓಣಿಯ ತಿರುವಿನ ತನಕ ನಿಂತಿತ್ತು.

“ಹ್ಯಾಂಗೈತ್ರಿ ಬಾಯಾರ, ನೀರು?”

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ತಣ್ಣಗದ,” ಎಂದಳು.